ಸೋಮವಾರ ನಾವು ಯಾರ ಮಕ್ಕಳು?

ಡಿಸೆಂಬರ್ 31ರ ನಡುರಾತ್ರಿ ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ಚರ್ಚುಗಳ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಶಾಮಿಯಾನ ಹಾಕಿ, ಬಾಡಿಗೆ ಕುರ್ಚಿ ತರಿಸಿ, ಗೇಟಿನವರೆಗೂ ಜನರನ್ನು ಕೂರಿಸಬೇಕಾಗುತ್ತದೆ. ಈಸ್ಟರ್ ಆದ ಮೇಲೆ ಮುಖ ತೋರಿಸದವರೂ ಆ ರಾತ್ರಿ ಹೊಸ ಬಟ್ಟೆ ತೊಟ್ಟು ಹಾಜರು. ಹನ್ನೆರಡು ಹೊಡೆದ ಮೇಲೆ ಎಷ್ಟೋ ಸಭೆಗಳಲ್ಲಿ ಹೊಸ ವರ್ಷದ ವಾಗ್ದಾನದ ಕಾರ್ಡು ಹಂಚುತ್ತಾರೆ. ತಲೆಯೆತ್ತಿ ಬಾಳುವ, ಕೈಯಿಟ್ಟದ್ದೆಲ್ಲ ಹೆಚ್ಚುವ, ಹಗೆಗಳು ಸೋಲುವ ಮಾತುಗಳೇ ಎಲ್ಲ. ಬಡವರನ್ನು ತುಳಿದು ಭಜನೆ ಹಾಡುವವರ ಮೇಲೆ ಪ್ರವಾದಿ ಆಮೋಸ ಕಾರಿದ ಕೋಪವನ್ನು ಯಾರೂ ಕಾರ್ಡಿಗೆ ಹಾಕಿಸಿದ್ದು ನಾನು ಕಂಡಿಲ್ಲ. ಹೊಲ ಕೊಯ್ದವರ ಕೂಲಿ ಹಿಡಿದಿಟ್ಟ ಸಾಹುಕಾರರಿಗೆ ಯಾಕೋಬನ ಪತ್ರದಲ್ಲಿ ಬಿದ್ದ ಛೀಮಾರಿಯೂ ಯಾರ ಮನೆಯ ಫ್ರಿಜ್ಜಿನ ಮೇಲೂ ಅಂಟಿಲ್ಲ. ಮುಂದಿನ ಹನ್ನೆರಡು ತಿಂಗಳು ದೇವರು ಏನೇನು ಮಾಡಬೇಕು ಎಂಬುದು ಆ ರಾತ್ರಿಗೆ ತೀರ್ಮಾನವಾಗಿಬಿಡುತ್ತದೆ. ನಾವೇನು ಮಾಡಬೇಕು ಎಂದು ಕೇಳುವವರಿಲ್ಲ.

ಈ ಸೀಮೆಯ ಕ್ರೈಸ್ತರಿಗೆ, ಅದರಲ್ಲೂ ಕನ್ನಡ ಮಾತಾಡುವ ನಮಗೆ, ಯಾರಾದರೂ ಇದನ್ನು ಮುಖಕ್ಕೆ ಹೇಳಬೇಕಾಗಿದೆ. ನಮ್ಮ ಭಕ್ತಿ ಚೀಟಿ ವ್ಯವಹಾರದಂತೆ ನಡೆಯುತ್ತಿದೆ. ತಿಂಗಳು ತಿಂಗಳು ಒಂದಿಷ್ಟು ಕಟ್ಟುತ್ತೇವೆ: ಭಾನುವಾರದ ಎರಡು ಗಂಟೆ, ದಶಮಾಂಶದ ಲಕೋಟೆ, ತಪಸ್ಸುಕಾಲದಲ್ಲಿ ಮಾಂಸ ಬಿಡುವುದು, ಸೆಪ್ಟೆಂಬರಿನಲ್ಲಿ ವೇಳಾಂಗಣ್ಣಿಗೆ ಹೋಗಿಬರುವುದು. ಮಗಳ ಮದುವೆಯೋ ಅಪ್ಪನ ಆಪರೇಷನ್ನೋ ಬಂದಾಗ ಚೀಟಿ ಎತ್ತಲು ಹೋಗುತ್ತೇವೆ. ಎತ್ತಿದ ಹಣ ಕೈಗೆ ಬಂದರೆ ಸಭೆಯೆದುರು ನಿಂತು ಸಾಕ್ಷಿ ಹೇಳುತ್ತೇವೆ. ಬರದಿದ್ದರೆ ಮುನಿಸಿಕೊಂಡು ಇನ್ನೊಂದು ಸಭೆಗೆ ಸೇರಿಕೊಳ್ಳುತ್ತೇವೆ. ಸುಖದಲ್ಲಿ ಜಂಬ, ದುಃಖದಲ್ಲಿ ಚೌಕಾಸಿ. ಇವೆರಡರ ನಡುವಿನ ಮುನ್ನೂರು ದಿನಗಳಲ್ಲಿ ಕ್ರಿಸ್ತನಿಗೆ ನಮ್ಮ ಮನೆಯಲ್ಲಿ ಕೆಲಸವೇ ಇಲ್ಲ.

ಸುಖದ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ, ಯಾಕೆಂದರೆ ಈಗ ನಮಗೆ ಹೆಚ್ಚು ಇರುವುದು ಅದೇ. ಐವತ್ತು ವರ್ಷದ ಹಿಂದೆ ಹೊಸೂರು ಸಂತೆಯ ಊರು. ರಾಗಿ, ಹುರುಳಿ, ಮತ್ತಿಗಿರಿಯ ದನದ ಫಾರ್ಮು, ಚಳಿಗಾಳಿ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು. ಆಮೇಲೆ ಮೋಟಾರ್ ಸೈಕಲ್, ಲಾರಿ, ಕೈಗಡಿಯಾರಗಳ ಕಾರ್ಖಾನೆಗಳು ಬಂದವು. ಬೆಂಗಳೂರು ಅತ್ತಿಬೆಲೆ ದಾಟಿ ನಮ್ಮ ಬಾಗಿಲಿಗೇ ಬಂದು ನಿಂತಿತು. ಎಕರೆ ಲೆಕ್ಕದಲ್ಲಿದ್ದ ಜಮೀನು ಚದರಡಿ ಲೆಕ್ಕಕ್ಕೆ ಇಳಿಯಿತು. ಅಜ್ಜನ ಕಾಲದ ಬೀಳು ಭೂಮಿಯನ್ನು ಸೈಟು ಮಾಡಿ ಮಾರಿದವರು ಚರ್ಚಿನಲ್ಲಿ ನಿಂತು ಕರ್ತನು ತಮ್ಮನ್ನು ಆಶೀರ್ವದಿಸಿದನೆಂದು ಹೇಳಿದರು. ಕೇಳಿದವರು ಚಪ್ಪಾಳೆ ತಟ್ಟಿದರು. ಪಕ್ಕದ ಸರ್ವೆ ನಂಬರಿನ ರೈತ ಇವರಿಗಿಂತ ಮೊದಲೇ ಸಾಲಕ್ಕೆ ಸಿಕ್ಕು ಕವಡೆ ಕಾಸಿಗೆ ಮಾರಿದ್ದನಲ್ಲ, ಅವನನ್ನು ಕರ್ತನು ಯಾಕೆ ಆಶೀರ್ವದಿಸಲಿಲ್ಲ ಎಂದು ಯಾರೂ ಕೇಳಲಿಲ್ಲ. ಬೆಂಗಳೂರಿನ ರಿಯಲ್ ಎಸ್ಟೇಟ್ ದರವನ್ನು ಪರಲೋಕದ ತೀರ್ಪು ಎಂದು ಓದುವ ಈ ದೇವಶಾಸ್ತ್ರವನ್ನು ಯಾವ ಸೆಮಿನರಿಯೂ ಕಲಿಸುವುದಿಲ್ಲ. ನಾವೇ ಕಟ್ಟಿಕೊಂಡದ್ದು.

ತಳಿ, ಬಾಗಲೂರು, ಕೆಲಮಂಗಲದ ಸುತ್ತ ಗುಲಾಬಿ ಬೆಳೆಯುವ ಪಾಲಿಹೌಸುಗಳಿವೆ. ಫೆಬ್ರವರಿ 14ಕ್ಕೆ ಮುಂಚಿನ ಎರಡು ಮೂರು ವಾರ ಅಲ್ಲಿ ಹಗಲೂ ರಾತ್ರಿಯೂ ಒಂದೇ. ಹೂವು ಹೊರದೇಶಕ್ಕೆ ಹೋಗಬೇಕು, ತಣ್ಣಗೆ ಇಡಬೇಕು, ದಂಟಿನ ಉದ್ದ ಅಳೆದು ಕಟ್ಟಬೇಕು. ಅಳೆದು ಕಟ್ಟುವವರು ಹೆಂಗಸರು. 2018ರಲ್ಲಿ, ಮತ್ತೆ 2024ರಲ್ಲಿ, ಬೂದಿ ಬುಧವಾರ ಸರಿಯಾಗಿ ಫೆಬ್ರವರಿ 14ಕ್ಕೇ ಬಿತ್ತು. ತೋಟದ ಒಡೆಯ ಕ್ರೈಸ್ತನಾಗಿದ್ದರೆ ಆ ದಿನ ಹಣೆಗೆ ಬೂದಿ ಹಚ್ಚಿಸಿಕೊಂಡು, ಉಪವಾಸವಿದ್ದು, ಪಾಪಕ್ಕೆ ಮರುಗಿರುತ್ತಾನೆ. ಒಳ್ಳೆಯದು. ಅದರ ಹಿಂದಿನ ಎರಡು ವಾರ ರಾತ್ರಿಯೆಲ್ಲ ನಿಂತು ಹೂವು ಕಟ್ಟಿದವರಿಗೆ ಹೆಚ್ಚಿನ ಅವಧಿಯ ಕೂಲಿ ಕೊಟ್ಟನೇ? ಔಷಧಿ ಹೊಡೆದ ಶೆಡ್ಡಿಗೆ ಎಷ್ಟು ಹೊತ್ತಿನ ಮೇಲೆ ಅವರನ್ನು ಕಳಿಸಿದ? ಆ ಪ್ರಶ್ನೆ ಪಾಪನಿವೇದನೆಯ ಪೆಟ್ಟಿಗೆಯವರೆಗೂ ಹೋಗುವುದಿಲ್ಲ. ಅಲ್ಲಿ ನಾವು ಕೋಪ, ಕೆಟ್ಟ ಆಲೋಚನೆ, ತಪ್ಪಿದ ಪ್ರಾರ್ಥನೆಗಳ ಪಟ್ಟಿ ಒಪ್ಪಿಸುತ್ತೇವೆ. ಮಸ್ಟರ್ ರೋಲನ್ನು ಒಪ್ಪಿಸಿದವರು ಇದ್ದರೆ ಅವರ ಕಾಲಿಗೆ ಬೀಳಬೇಕು.

ಬಾಡಿಗೆ ಮನೆಯ ವಿಷಯ ಇನ್ನೂ ಕೆಟ್ಟದ್ದು. ಈಚಿನ ವರ್ಷಗಳಲ್ಲಿ ಕೆಲಮಂಗಲದ ಕಡೆಯ ಫೋನಿನ ಬಿಡಿಭಾಗಗಳ ಕೆಲಸಕ್ಕೆ ಜಾರ್ಖಂಡಿನ ರಾಂಚಿ, ಹಜಾರಿಬಾಗ್ ಕಡೆಯ ಆದಿವಾಸಿ ಹುಡುಗಿಯರು ಸಾವಿರಗಟ್ಟಲೆ ಬಂದಿದ್ದಾರೆ. ಒಡಿಶಾದಿಂದ, ಅಸ್ಸಾಮಿನಿಂದ ಗಂಡಸರು ಬಂದಿದ್ದಾರೆ. ರಾಂಚಿಯ ಸುತ್ತ ಒರಾಂವ್, ಮುಂಡಾ ಸಮುದಾಯಗಳಲ್ಲಿ ನೂರೈವತ್ತು ವರ್ಷ ಮೀರಿದ ಕ್ರೈಸ್ತ ಪರಂಪರೆಯಿದೆ. ಬಂದವರಲ್ಲಿ ನಮ್ಮ ಸಹೋದರಿಯರು ಇದ್ದೇ ಇರುತ್ತಾರೆ. ನಾವು ಅವರಿಗೆ ಮಾಡಿದ್ದೇನು? ಮೇಲಂತಸ್ತಿಗೆ ತಗಡು ಹೊದಿಸಿ, ಒಂದು ಕೋಣೆಗೆ ಆರು ಜನರಂತೆ ತಲೆಯೆಣಿಸಿ ಬಾಡಿಗೆ ಕಟ್ಟಿಸಿಕೊಂಡೆವು. ಗೋಡೆಯ ಮೇಲೆ ಒಳ್ಳೆಯ ಕುರುಬನ ಚಿತ್ರ ಹಾಕಿದ ಮನೆಗಳಲ್ಲೇ 'ಹಿಂದಿಯವರು ಗಲೀಜು' ಎಂಬ ಮಾತು ಕೇಳುತ್ತೇವೆ. ಮನೆ ಕೇಳಲು ಬಂದವನು ಕರಿಯ ಹಳ್ಳಿಗ ಎಂದು ಕಂಡರೆ 'ಯಾವ ಜನ ನೀವು?' ಎಂಬ ಪ್ರಶ್ನೆ ಬಾಯಿಗೆ ತಾನಾಗಿ ಬರುತ್ತದೆ. ಜ್ಞಾನಸ್ನಾನದ ಸರ್ಟಿಫಿಕೇಟ್ ತೋರಿಸಿದರೂ ಆ ಪ್ರಶ್ನೆ ನಿಲ್ಲುವುದಿಲ್ಲ. ಸರ್ಟಿಫಿಕೇಟಿನ ಹಿಂದೆ ಏನಿದೆ ಎಂದು ತಿರುಗಿಸಿ ನೋಡುವವರು ನಾವು.

ಜಾತಿಯ ಮಾತಿಗೆ ಬಂದೆವು, ಇನ್ನು ಸುತ್ತಿ ಬಳಸುವುದು ಬೇಡ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮಾತ್ರ ಕೊಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಇವತ್ತಿಗೂ ಹೊರಗೆ. ಇದು ಅನ್ಯಾಯವೆಂದು ನಾವು ಆಗಸ್ಟ್ ತಿಂಗಳಲ್ಲಿ ಕಪ್ಪು ಬ್ಯಾಡ್ಜು ಕಟ್ಟಿ ಪ್ರತಿಭಟಿಸುತ್ತೇವೆ, ದೆಹಲಿಗೆ ಮನವಿ ಕಳಿಸುತ್ತೇವೆ. ಅನ್ಯಾಯವೇ ಹೌದು. ಕ್ರೈಸ್ತನಾದ ಮೇಲೆ ಜಾತಿಯ ಪೆಟ್ಟು ತಪ್ಪುವುದಿಲ್ಲ ಎಂಬುದೇ ನಮ್ಮ ವಾದ. ಆ ಪೆಟ್ಟು ಕೊಡುವವರು ಯಾರೆಂದು ನ್ಯಾಯಾಧೀಶರು ಕೇಳಿದರೆ ನಾವು ಯಾರ ಕಡೆ ಬೆರಳು ತೋರಿಸಬೇಕು? ತಿರುಚ್ಚಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ಸತ್ತ ದಲಿತರನ್ನು ಸತ್ತ ಮೇಲ್ಜಾತಿಯವರಿಂದ ಬೇರೆ ಮಾಡುವ ಗೋಡೆ ಕಟ್ಟಿದವರು ಕ್ರೈಸ್ತರು. 2008ರ ಮಾರ್ಚಿನಲ್ಲಿ ವಿಲ್ಲುಪುರಂ ಜಿಲ್ಲೆಯ ಎರೈಯೂರಿನಲ್ಲಿ ದಲಿತ ಕ್ರೈಸ್ತರು ತಮಗೆ ಬೇರೆ ಪ್ಯಾರಿಷ್ ಕೊಡಿ ಎಂದು ಕೇಳಿದಾಗ ಗಲಭೆಯೆದ್ದು, ಪೊಲೀಸರ ಗೋಲಿಬಾರಿಗೆ ಇಬ್ಬರು ಬಲಿಯಾದರು. ಹೊಡೆದಾಡಿದ ಎರಡೂ ಕಡೆಯವರು ಒಂದೇ ಮಾತೆಯ ಹಬ್ಬ ಮಾಡುವವರು.

ಅದು ದೂರದ ಊರು, ನಮ್ಮಲ್ಲಿ ಹಾಗಿಲ್ಲ ಎಂದು ಈಗ ಕೆಲವರು ಪುಟ ತಿರುಗಿಸುತ್ತಾರೆ. ತಿರುಗಿಸಬೇಡಿ. ನಿಮ್ಮ ಮಗನಿಗೆ ಹೆಣ್ಣು ನೋಡುವಾಗ ಬ್ರೋಕರಿಗೆ ಹೇಳಿದ ಮೊದಲ ಮಾತು ಯಾವುದು? ತಮಿಳು ಪತ್ರಿಕೆಗಳ ವಿವಾಹ ಜಾಹೀರಾತಿನಲ್ಲಿ ಕ್ರೈಸ್ತ ಎಂಬ ಪದದ ಪಕ್ಕದಲ್ಲೇ ಜಾತಿಯ ಹೆಸರು ಅಚ್ಚಾಗುತ್ತದೆ, ಯಾರಿಗೂ ಮುಜುಗರವಿಲ್ಲ. ಜೊತೆಗೆ ವರದಕ್ಷಿಣೆ. 1961ರಲ್ಲೇ ಕಾನೂನು ನಿಷೇಧಿಸಿದ್ದನ್ನು ನಾವು 'ಹುಡುಗಿಗೆ ಅವರ ಮನೆಯವರು ಪ್ರೀತಿಯಿಂದ ಕೊಟ್ಟದ್ದು' ಎಂದು ಕರೆದು, ಒಡವೆಯ ತೂಕ ಮಾತಾಡಿ ಮುಗಿಸಿದ ಮೇಲೆ ಪಾದ್ರಿಯವರನ್ನು ಕರೆಸಿ ನಿಶ್ಚಿತಾರ್ಥದ ಪ್ರಾರ್ಥನೆ ಮಾಡಿಸುತ್ತೇವೆ. ಅವರೂ ಮಾಡುತ್ತಾರೆ. ಅವರನ್ನೂ ಬೈಯಬೇಕು, ಆದರೆ ಅವರಿಗೆ ಊಟ ಹಾಕುವವರು ನಾವೇ ಆದ್ದರಿಂದ ಅವರ ಬಾಯಿ ಯಾಕೆ ಕಟ್ಟಿದೆ ಎಂದು ಊಹಿಸುವುದು ಕಷ್ಟವಲ್ಲ.

ಇಷ್ಟು ಸಡಿಲವಾಗಿ ಬದುಕುವ ನಮಗೆ ಈ ನೆಲದ ಹಿಂದಿನ ಕಥೆ ಗೊತ್ತಿರಬೇಕಿತ್ತು. ಥಿಯೊಡೋರ್ ನೆಯ್ತರ್ ಎಂಬ ಜರ್ಮನ್ ಪಾದ್ರಿ ಲೈಪ್‌ಝಿಗ್ ಮಿಷನ್ನಿನೊಡನೆ ಬೈಬಲಿನ ಅಧಿಕಾರದ ಬಗ್ಗೆ ಜಗಳವಾಡಿ ಹೊರಬಿದ್ದು, ಅಮೆರಿಕದ ಮಿಸ್ಸೌರಿ ಲೂಥರನ್ ಸಭೆಯ ಪರವಾಗಿ 1895ರಲ್ಲಿ ಕೃಷ್ಣಗಿರಿಗೆ ಬಂದು ಕೆಲಸ ಶುರು ಮಾಡಿದರು. ಇಂದಿನ ಇಂಡಿಯಾ ಇವ್ಯಾಂಜೆಲಿಕಲ್ ಲೂಥರನ್ ಚರ್ಚಿನ ಬೇರು ಅಲ್ಲಿದೆ. ಗ್ರಂಥದ ಪ್ರತಿ ಮಾತಿಗೂ ಹೋರಾಡುವ ಆ ಹಠ ನನಗೆ ಅಷ್ಟೇನೂ ಹಿಡಿಸುವುದಿಲ್ಲ. ಅಂಥ ಹಠ ಎಷ್ಟೋ ಸಭೆಗಳನ್ನು ಒಡೆದಿದೆ. ಆದರೆ ಮುಂದೆ ಬಂದ ಪರೀಕ್ಷೆ ಪುಸ್ತಕದ್ದಲ್ಲ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಅಲ್ಲಿಂದ ಗಡಿ ದಾಟಿ ಸೇಲಂ ಜಿಲ್ಲೆಯ ಈ ಭಾಗಕ್ಕೂ ಹರಡಿತು. ಆಗ ಹೊಸೂರು, ಕೃಷ್ಣಗಿರಿ ಎರಡೂ ಸೇಲಂ ಜಿಲ್ಲೆಯವು. ಇಲಿ ಬಿದ್ದ ಮನೆ ಬಿಟ್ಟು ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಾಲ, ನೆಂಟರು ಹೆಣ ಮುಟ್ಟದ ಕಾಲ. ದೂರದ ತಂಪು ಬೆಟ್ಟಗಳಿಗೋ ತಾಯ್ನಾಡಿಗೋ ಹೋಗುವ ದಾರಿ ಬಿಳಿಯ ಪಾದ್ರಿಗೆ ತೆರೆದೇ ಇತ್ತು. ನೆಯ್ತರ್ 1904ರಲ್ಲಿ ಅದೇ ಪ್ಲೇಗಿನಿಂದ ತೀರಿಕೊಂಡರು. ಬಂದು ಒಂಬತ್ತು ವರ್ಷವಾಗಿತ್ತು. ಅಷ್ಟರಲ್ಲಿ ಅವರು ಸೇರಿಸಿದ ಸಭೆ ದೊಡ್ಡದೇನೂ ಅಲ್ಲ. ಈಗಿನ ಸಾಕ್ಷಿಕೂಟದಲ್ಲಿ ಅವರ ಬದುಕನ್ನು ಆಶೀರ್ವಾದದ ಪಟ್ಟಿಗೆ ಸೇರಿಸಲು ಯಾರಿಗೂ ದಾರಿ ತೋಚುವುದಿಲ್ಲ: ಜಮೀನಿಲ್ಲ, ಸೈಟಿಲ್ಲ, ವಾಸಿಯಾದ ರೋಗವಿಲ್ಲ.

ಅವರಿಗಿಂತ ನೂರು ವರ್ಷ ಮುಂಚೆ ಮೈಸೂರು ಸೀಮೆಯಲ್ಲಿ ತಿರುಗಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಇನ್ನೊಂದು ತರಹದವರು. ಜನ ಅವರನ್ನು ದೊಡ್ಡಸ್ವಾಮಿಯವರು ಎನ್ನುತ್ತಿದ್ದರು. ಕಾವಿ ಬಟ್ಟೆ ಉಟ್ಟು, ಸಸ್ಯಾಹಾರ ತಿಂದು, ಸಿಡುಬಿನ ಕಾಲದಲ್ಲಿ ಸಾವಿರಾರು ಜನರಿಗೆ ದೇವಿ ಹಾಕಿಸಿದವರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಅವನ ಸೆರೆಯಲ್ಲಿ ಮತ ಬಿಡಬೇಕಾಗಿ ಬಂದ ಕ್ರೈಸ್ತರನ್ನು ಮತ್ತೆ ಸಭೆಗೆ ಸೇರಿಸಿಕೊಂಡದ್ದು ಅವರ ಮೊದಲ ದೊಡ್ಡ ಕೆಲಸ. 1823ರಲ್ಲಿ ಭಾರತ ಬಿಟ್ಟು ಹೋಗುವಾಗ ಮಾತ್ರ ಅವರ ಮನಸ್ಸು ಕಹಿಯಾಗಿತ್ತು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ ಅವರು ಇಲ್ಲಿನ ಕ್ರೈಸ್ತರು ಬರೀ ಹೆಸರಿಗೆ ಕ್ರೈಸ್ತರು, 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಹಿಡಿದಿಟ್ಟ ಸೆರೆಯಲ್ಲಿ ಅಷ್ಟು ಸಾವಿರ ಜನರ ಪೈಕಿ ಒಬ್ಬನೂ ಎದೆಯೊಡ್ಡಿ ತನ್ನ ವಿಶ್ವಾಸ ಹೇಳಿಕೊಳ್ಳಲಿಲ್ಲ ಎಂಬರ್ಥದಲ್ಲಿ ಬರೆದರು. ಆ ಮಾತು ಅನ್ಯಾಯದ್ದು. ಕೆನರಾದಿಂದ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ದಾರಿಯಲ್ಲಿ, ಸೆರೆಯಲ್ಲಿ, ಸತ್ತವರು ಎಷ್ಟೋ ಮಂದಿ. ಬಿಡುಗಡೆಯಾದ ಕೂಡಲೇ ಊರಿಗೆ ಮರಳಿ ಬಿದ್ದುಹೋದ ಚರ್ಚುಗಳನ್ನು ಎತ್ತಿ ಕಟ್ಟಿದವರು ಅವರ ಮಕ್ಕಳು. ಯಾರ ಕೊರಳ ಮೇಲೆ ಕತ್ತಿಯಿತ್ತೋ ಅವರನ್ನು ಬೈಯುವ ಹಕ್ಕು ಆ ಕತ್ತಿಯನ್ನು ಕಾಣದವರಿಗಿಲ್ಲ.

ನಮ್ಮ ಕೊರಳ ಮೇಲೆ ಯಾವ ಕತ್ತಿ ಇದೆ? ದುಬ್ವಾ ಇವತ್ತು ಬಂದು ನಮ್ಮನ್ನು ನೋಡಿ ಅದೇ ಮಾತು ಬರೆದರೆ ಅನ್ಯಾಯವೆನ್ನಲು ನನ್ನ ಬಳಿ ಸಾಕ್ಷ್ಯವಿಲ್ಲ.

ಹಿಂಸೆಯ ಮಾತು ನಮ್ಮ ಬಾಯಲ್ಲಿ ಬಹಳ ಅಗ್ಗವಾಗಿದೆ. ಚರ್ಚಿನ ಮೈಕಿನ ಬಗ್ಗೆ ಅಕ್ಕಪಕ್ಕದವರು ದೂರಿದರೆ ಹಿಂಸೆ. ಅನುಮತಿಯಿಲ್ಲದೆ ಕಟ್ಟಿದ ಮಹಡಿಗೆ ನೋಟೀಸು ಬಂದರೆ ಹಿಂಸೆ. ಒಡಿಶಾದ ಕಂಧಮಾಲಿನಲ್ಲಿ 2008ರ ಆಗಸ್ಟಿನಿಂದ ನಡೆದದ್ದು ಹಿಂಸೆ: ಮನೆಗಳು, ಚರ್ಚುಗಳು ಸಾಲುಸಾಲಾಗಿ ಸುಟ್ಟವು, ಸಾವಿರಾರು ಜನ ಕಾಡಿಗೆ ಓಡಿದರು, ವರ್ಷಗಟ್ಟಲೆ ಶಿಬಿರಗಳಲ್ಲಿ ಬಿದ್ದಿದ್ದರು. ಆ ಕಡೆಯ ಹುಡುಗನೊಬ್ಬ ಈಗ ಸಿಪ್ಕಾಟಿನ ಯಾವುದೋ ಪ್ರೆಸ್ ಶಾಪಿನಲ್ಲಿ ಕಾಂಟ್ರಾಕ್ಟ್ ಕೆಲಸದಲ್ಲಿದ್ದು, ನಿಮ್ಮ ಹಿಂದಿನ ಬೆಂಚಿನಲ್ಲೇ ಕೂತಿರಬಹುದು. ಅವನ ಭಾಷೆಯಲ್ಲಿ ಒಂದು ಕೀರ್ತನೆ ಹಾಡಿಸಿದ್ದೀರಾ? ಬಿಡಿ, ಅವನ ಹೆಸರು ಕೇಳಿದ್ದೀರಾ? 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ತಡೆಯುವ ಕಾಯ್ದೆ ಬಂದಾಗ ಆನೇಕಲ್ಲಿನ ನಮ್ಮ ನೆಂಟರ ಪ್ರಾರ್ಥನಾ ಕೂಟಗಳು ಅಳುಕಿದವು. ಇತ್ತ ಗಡಿಯ ಜೂಜುವಾಡಿಯ ಈಚೆ ನಾವು, ಸದ್ಯ ತಮಿಳುನಾಡಿನಲ್ಲಿದ್ದೇವಲ್ಲ ಎಂದು ನಿಟ್ಟುಸಿರು ಬಿಟ್ಟೆವು. ಅದೇ ನಾವು, 2016ರ ಸೆಪ್ಟೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದಾಗ, ಗಡಿಯ ಎರಡೂ ಕಡೆ ಒಂದೇ ದೇವರನ್ನು ಆರಾಧಿಸುವವರಾಗಿದ್ದೂ, ಯಾವ ಕಡೆಯೂ ಬಾಯಿ ಬಿಡಲಿಲ್ಲ. ಕನ್ನಡ ಆರಾಧನೆಗೆ ಬೆಳಗ್ಗೆ ಆರೂವರೆಯ ಹೊತ್ತು ಕೊಟ್ಟು ತಮಿಳಿಗೆ ಒಂಬತ್ತು ಗಂಟೆ ಇಟ್ಟುಕೊಂಡರು ಎಂಬ ಜಗಳಕ್ಕಾದರೆ ಸಮಿತಿಯ ಚುನಾವಣೆಯನ್ನೇ ನಿಲ್ಲಿಸುವಷ್ಟು ಶಕ್ತಿ ನಮಗಿದೆ.

ಇನ್ನು ಕಷ್ಟ. ನಿಜವಾದ ಕಷ್ಟ ಮನೆಗೆ ಬಂದವರೊಡನೆ ನಾವು ನಡೆದುಕೊಳ್ಳುವ ರೀತಿ ಯೋಬನ ಸ್ನೇಹಿತರಿಗೂ ನಾಚಿಕೆ ತರುವಂಥದ್ದು. ಆ ಮೂವರು ಕಡೇಪಕ್ಷ ಏಳು ದಿನ ಬಾಯಿ ಮುಚ್ಚಿಕೊಂಡು ಅವನೊಡನೆ ನೆಲದ ಮೇಲೆ ಕೂತಿದ್ದರು. ನಾವು ಮೊದಲ ದಿನವೇ ಕಾರಣ ಹೇಳುತ್ತೇವೆ: ಮನೆಯಲ್ಲಿ ಯಾವುದೋ ಪಾಪ ಅಡಗಿದೆ, ವಿಶ್ವಾಸ ಸಾಲದು, ಇಪ್ಪತ್ತೊಂದು ದಿನ ಉಪವಾಸ ಪ್ರಾರ್ಥನೆ ಮಾಡಿಸಿ. ಕ್ಯಾನ್ಸರ್ ಆದ ಹೆಂಗಸನ್ನು ಒಂದು ಸ್ವಸ್ಥತಾ ಕೂಟದಿಂದ ಇನ್ನೊಂದಕ್ಕೆ ಹೊತ್ತು ತಿರುಗಿಸಿ, ಮಾತ್ರೆ ನಿಲ್ಲಿಸಿದರೇ ವಿಶ್ವಾಸವೆಂದು ನಂಬಿಸಿ, ಅವಳು ಸತ್ತ ಮೇಲೆ ದೇವರ ಚಿತ್ತ ಎನ್ನುತ್ತೇವೆ. ದೇವರ ಚಿತ್ತಕ್ಕೆ ಅಷ್ಟು ಕೆಟ್ಟ ಹೆಸರು ಯಾವ ನಾಸ್ತಿಕನೂ ತಂದಿಲ್ಲ. ಒಂದೆರಡು ತಿಂಗಳಲ್ಲಿ ಆ ಮನೆಯ ಗಂಡಸು ಕುಡಿಯಲು ಶುರು ಮಾಡಿದರೆ ಅವನನ್ನು ಪ್ರಭು ಭೋಜನಕ್ಕೆ ಬರಬೇಡವೆನ್ನುವ ಶಿಸ್ತು ಮಾತ್ರ ನಮಗೆ ಚೆನ್ನಾಗಿ ಬರುತ್ತದೆ.

ಕೃಷ್ಣಗಿರಿಯ ಮಾವಿನ ತೋಪುಗಳನ್ನು ನೋಡಿದವರಿಗೆ ಹಬಕ್ಕೂಕನ ಪುಸ್ತಕದ ಕೊನೆ ಬೇಗ ಅರ್ಥವಾಗಬೇಕು. ತೋತಾಪುರಿ ಬಂಪರ್ ಬೆಳೆ ಬಂದ ವರ್ಷವೇ ರೇಟು ನೆಲಕ್ಕೆ ಬೀಳುತ್ತದೆ. ಪಲ್ಪ್ ಕಾರ್ಖಾನೆಯ ಮುಂದೆ ಟ್ರಾಕ್ಟರುಗಳ ಸಾಲು ನಿಲ್ಲುತ್ತದೆ, ಕಿತ್ತ ಕೂಲಿಯೂ ಹುಟ್ಟದೆ ರೈತ ಹಣ್ಣನ್ನು ರಸ್ತೆಗೆ ಸುರಿಯುತ್ತಾನೆ. ಮರ ತುಂಬಿದ್ದೂ ಮನೆ ಬರಿದು. ಬೆಳೆ ಹೋದರೂ ಹಟ್ಟಿ ಬರಿದಾದರೂ ದೇವರನ್ನು ಬಿಡೆನೆಂದ ಆ ಪ್ರವಾದಿಗೆ ಪ್ರತಿಯಾಗಿ ಏನೂ ಸಿಗಲಿಲ್ಲ, ಯಾವ ವಾಗ್ದಾನವೂ ಆ ವರ್ಷ ಅವನ ಕೈಗೆ ಬರಲಿಲ್ಲ. ಅವನಂತೆ ನಂಬುವವರು ನಮ್ಮ ನಡುವೆ ಇಲ್ಲವೆಂದಲ್ಲ. ಗಂಡ ಬಿಟ್ಟುಹೋದ ಮೇಲೆ ಗಾರ್ಮೆಂಟ್ಸಿಗೆ ಹೋಗಿ ಮಕ್ಕಳನ್ನು ಓದಿಸುತ್ತ, ಅತ್ತೆಯ ಮಲಮೂತ್ರ ಬಳಿಯುತ್ತ, ಸಾಲಗಾರನಿಗೆ ಸುಳ್ಳು ಹೇಳದೆ ಬದುಕುವ ಹೆಂಗಸರು ಎಲ್ಲ ಸಭೆಯಲ್ಲೂ ಇದ್ದಾರೆ. ಅವರನ್ನು ಸಾಕ್ಷಿ ಹೇಳಲು ನಾವು ವೇದಿಕೆಗೆ ಕರೆಯುವುದಿಲ್ಲ, ಯಾಕೆಂದರೆ ಅವರ ಕಥೆಗೆ ಗೆಲುವಿನ ಕೊನೆಯಿಲ್ಲ. ಸಭಾ ಸಮಿತಿಗೂ ಕರೆಯುವುದಿಲ್ಲ, ಯಾಕೆಂದರೆ ಅವರು ಚಂದಾ ಬಾಕಿ ಉಳಿಸಿಕೊಂಡಿರುತ್ತಾರೆ.

'ಅಯ್ಯಾ, ನಾವು ಸಂಸಾರಸ್ಥರು, ಸಂತರಲ್ಲ' ಎಂದು ಉತ್ತರ ಬರುತ್ತದೆ ಎಂದು ನನಗೆ ಗೊತ್ತು. ಪ್ಲೇಗಿನಲ್ಲಿ ಸಾಯಿರಿ ಎಂದು ಯಾರು ಕೇಳಿದರು? ಸಂತರಾಗುವುದು ಬೇಡ. ಶನಿವಾರ ಸಂಜೆ ಕೂಲಿ ಕೊಡುವುದಕ್ಕೆ ಸಂತನಾಗಬೇಕಿಲ್ಲ, ಸಂಬಳ ಪುಸ್ತಕ ನೋಡಿದರೆ ಸಾಕು. ಮನೆ ಬಾಡಿಗೆಗೆ ಕೊಡುವಾಗ ಒಂದು ಪ್ರಶ್ನೆ ಕೇಳದೆ ಇರುವುದಕ್ಕೆ ತಪಸ್ಸು ಬೇಕಿಲ್ಲ. ಸೊಸೆಯ ಕಡೆಯವರ ಒಡವೆ ಬೇಡವೆನ್ನಲು ಪ್ರವಾದಿಯ ದರ್ಶನ ಬೇಕಿಲ್ಲ. ಸಂತರ ಮಾತೆತ್ತುವುದೇ ಈ ಸಣ್ಣ ಕೆಲಸಗಳಿಂದ ತಪ್ಪಿಸಿಕೊಳ್ಳುವ ಉಪಾಯ. ಬೆಟ್ಟ ಹತ್ತಲಾರೆ ಎಂದು ಹೇಳಿ ಹೊಸ್ತಿಲನ್ನೂ ದಾಟದೆ ಕೂರುವುದು.

ಎಲ್ಲಿಂದ ಶುರು ಮಾಡುವುದೆಂದು ಕೇಳುವವರಿಗೆ ದೂರ ಹೋಗುವ ಕೆಲಸವಿಲ್ಲ. ಬಹಳ ಸಭೆಗಳಲ್ಲಿ ಈಗ ಕಮಾನು, ಗ್ರಾನೈಟ್ ನೆಲ, ಹೊಸ ಸೌಂಡ್ ಸಿಸ್ಟಂಗಳ ಚರ್ಚೆ ನಡೆಯುತ್ತಿದೆ. ಆ ಚರ್ಚೆ ಮುಗಿಯಲಿ, ಟೀ ಬರಲಿ. ಆಮೇಲೆ ಒಬ್ಬರು ಎದ್ದು ನಿಂತು ಖಜಾಂಚಿಯವರನ್ನು ಕೇಳಲಿ: ಚರ್ಚು ಗುಡಿಸುವ ಅಮ್ಮನಿಗೆ, ರಾತ್ರಿ ಕಾಯುವ ತಾತನಿಗೆ, ನಮ್ಮ ನರ್ಸರಿ ಶಾಲೆಯ ಆಯಾಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದೇವೆ? ಅದು ಸರ್ಕಾರದ ಕನಿಷ್ಠ ಕೂಲಿಗೆ ಎಷ್ಟು ಕಡಿಮೆ? ಕೊನೆಯ ಸಲ ಹೆಚ್ಚಿಸಿದ್ದು ಯಾವ ವರ್ಷ? ಖಜಾಂಚಿ ಹೇಳುವ ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ, ಬರುವ ಭಾನುವಾರ ಪ್ರಕಟಣೆಗಳ ಜೊತೆ ಅದನ್ನೂ ಗಟ್ಟಿಯಾಗಿ ಓದಲಿ.